ತೆರೆದಳೋ ತೊರೆದಳೋ

ಅಚ್ಚಿನ ಮನೆಯಲ್ಲಿ ಅವಳನ್ನು ಎಲ್ಲರೂ ಕೊಂಬಿನಕ್ಕ ಎಂದು ಕರೆಯುತ್ತಿದ್ದರು. ಕರಡು ತಿದ್ದುವುದು ಅವಳ ಕೆಲಸ. ಮೊಳೆ ಜೋಡಿಸುವವರು ಎಲ್ಲಾದರೂ ಒಂದು ಕೊಂಬು ಬಿಟ್ಟು 'ಗುರು'ವನ್ನು 'ಗರು' ಮಾಡಿದ್ದರೆ, ಅಕ್ಕಿಯಲ್ಲಿ ಕಲ್ಲು ಕಂಡಂತೆ ಅವಳ ಕಣ್ಣಿಗೆ ಅದು ಥಟ್ಟನೆ ಕಾಣುತ್ತಿತ್ತು. ಒಮ್ಮೆ ಒಂದೇ ಪುಟವನ್ನು ಮೂರು ಸಲ ವಾಪಸು ಕಳಿಸಿದಾಗ, ಮೊಳೆ ಜೋಡಿಸುವ ಹಿರಿಯನೊಬ್ಬ, ಇವಳಿಗೇನು ಎರಡು ಕೊಂಬು ಬಂದಿದೆಯಾ ಎಂದು ಗೊಣಗಿದನಂತೆ. "ನನಗೆ ಬಂದಿಲ್ಲ, ನಿಮ್ಮ ಪುಟಕ್ಕೇ ಇನ್ನೂ ಒಂಬತ್ತು ಬರಬೇಕು" ಎಂದು ಇವಳು ಅಂದಳು. ಅಲ್ಲಿಂದ ಹೆಸರು ಅಂಟಿಕೊಂಡಿತು.

ಮೂವತ್ತೊಂದು ವರ್ಷ ಅದೇ ಕುರ್ಚಿ, ಅದೇ ಕೆಂಪು ಶಾಯಿ, ಅದೇ ಕಪ್ಪು ಸೈಕಲ್ಲು. ಮನೆಯಿಂದ ಅಚ್ಚಿನ ಮನೆಗೆ ಇಪ್ಪತ್ತು ನಿಮಿಷದ ದಾರಿ. ಗಂಡ ಬಸ್ಸಿನ ಡ್ರೈವರು. ಇಡೀ ಊರಿನ ಬಸ್ಸು ಗಂಡನ ಕೈಯಲ್ಲಿದ್ದರೂ ಹೆಂಡತಿ ಒಂದು ದಿನವೂ ಬಸ್ಸು ಹತ್ತಿ ಕೆಲಸಕ್ಕೆ ಹೋದವಳಲ್ಲ. ಈ ಸೈಕಲ್ಲಿನವರೇ ನನ್ನ ಆಯಸ್ಸು ತಿಂದವರು, ಅವರ ಪೈಕಿ ಒಬ್ಬಳನ್ನು ಕಟ್ಟಿಕೊಂಡಿದ್ದೀನಿ ಎಂದು ಆತ ಬಂದವರಿಗೆಲ್ಲ ಹೇಳುತ್ತಿದ್ದ. ಈಗ ಇಬ್ಬರೂ ನಿವೃತ್ತರು. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಸೈಕಲ್ಲು ಮಾತ್ರ ಕೆಳಗೆ ಮೆಟ್ಟಿಲ ಸಂದಿಯಲ್ಲಿ ನಿಂತಿರುತ್ತಿತ್ತು. ಗಂಡ ತಿಂಗಳಿಗೊಮ್ಮೆ ಬೈದುಕೊಂಡೇ ಅದರ ಚೈನಿಗೆ ಎಣ್ಣೆ ಹಾಕುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ತಂಗಿಯ ಮಗಳು ಬಂದಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಕೈಯಲ್ಲಿ ತೆಳ್ಳನೆಯ ಹಸಿರು ರಟ್ಟಿನ ಕಾದಂಬರಿ.

"ದೊಡ್ಡಮ್ಮ, ಇದರ ಕರಡು ತಿದ್ದಿದ್ದು ನೀನೇ ಅಂತಿದ್ದೆಯಲ್ಲ? ಕೊನೆ ಎಷ್ಟು ಚೆನ್ನಾಗಿದೆ ಕೇಳು" ಎಂದು ಕಡೆಯ ಸಾಲನ್ನು ಗಟ್ಟಿಯಾಗಿ ಓದಿದಳು. "ಮರುದಿನ ಬೆಳಿಗ್ಗೆ ಅವಳು ಆ ಮನೆಯನ್ನು ತೆರೆದಳು."

ಹುರುಳಿಕಾಯಿ ಮುರಿಯುತ್ತಿದ್ದ ಕೊಂಬಿನಕ್ಕನ ಕೈ ನಿಂತಿತು.

ಅವಳಿಗೆ ಆ ಕಾದಂಬರಿ ಚೆನ್ನಾಗಿ ನೆನಪಿತ್ತು. ಇಪ್ಪತ್ತೆಂಟು ವರ್ಷದ ಹಿಂದಿನದು. ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಬರೆದದ್ದು, ಅವರು ಬರೆದದ್ದು ಅದೊಂದೇ. ಕಥೆಯಲ್ಲಿ ಒಬ್ಬಳು ಸೊಸೆ. ಬೆಳಕು ಕಂಡರಾಗದ ಕಾಯಿಲೆಯ ಅತ್ತೆಗಾಗಿ ಹದಿನೇಳು ವರ್ಷ ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಬದುಕುತ್ತಾಳೆ. ಅತ್ತೆ ಸಾಯುತ್ತಾಳೆ. ನೆಂಟರೆಲ್ಲ ಬಂದು ಹೋಗುತ್ತಾರೆ. ಕೊನೆಗೆ ಅವಳೊಬ್ಬಳೇ. ಮರುದಿನ ಬೆಳಿಗ್ಗೆ ಅವಳು ಆ ಮನೆಯನ್ನು ತೊರೆದಳು. ಬಿಟ್ಟು ಹೋದಳು. ಕೊಂಬಿನಕ್ಕ ಆ ಸಾಲು ತಿದ್ದಿದ ದಿನ ಮೂಗಿನ ಮೇಲಿನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದಳು. ಅದು ತೊರೆದಳು. ತೆರೆದಳು ಅಲ್ಲವೇ ಅಲ್ಲ. 'ತೆ'ಗೆ ಒಂದು ಬಾಲ ಎಳೆದರೆ 'ತೊ'. ಅಷ್ಟೇ ವ್ಯತ್ಯಾಸ. ಆ ಬಾಲ ಉದುರಿಹೋಗಿ, ಮನೆ ಬಿಟ್ಟು ಹೋದವಳು ಕಿಟಕಿ ತೆಗೆಯುತ್ತ ಅಲ್ಲೇ ನಿಂತುಬಿಟ್ಟಿದ್ದಾಳೆ.

"ಅದು ಅಚ್ಚಿನ ತಪ್ಪು" ಎಂದಳು. "ನನ್ನ ಕಣ್ಣು ತಪ್ಪಿಸಿಕೊಂಡು ಹೋಗಿದೆ."

ತಂಗಿಯ ಮಗಳು ಒಪ್ಪಲಿಲ್ಲ. ಹದಿನೇಳು ವರ್ಷದ ಮೇಲೆ ಮನೆ ತೆರೆಯುವುದೇ ಸರಿಯಾದ ಕೊನೆ, ಬಿಟ್ಟು ಹೋಗುವುದು ಎಲ್ಲ ಕಥೆಯಲ್ಲೂ ಇದ್ದದ್ದೇ ಎಂದು ವಾದಿಸಿದಳು. ಕೊಂಬಿನಕ್ಕ ಪುಸ್ತಕ ಇಸಿದುಕೊಂಡು ಮೊದಲ ಹಾಳೆ ತಿರುಗಿಸಿದಳು. ಎರಡನೇ ಮುದ್ರಣ ಎಂದಿತ್ತು. ಬೇರೆ ಅಚ್ಚಿನ ಮನೆಯದು. ಮೊದಲನೆಯದನ್ನೇ ನೋಡಿ ಹಾಗೆಯೇ ಮಾಡಿರುತ್ತಾರೆ, ತಪ್ಪಿನ ಸಮೇತ ಎಂದುಕೊಂಡಳು. ತನ್ನ ಹತ್ತಿರವಿದ್ದ ಮೊದಲ ಮುದ್ರಣದ ಪ್ರತಿಯನ್ನು ಯಾರೋ ಓದಲು ಒಯ್ದು ಯಾವುದೋ ಕಾಲವಾಗಿತ್ತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾವಿರಾರು ಪುಟ ತಿದ್ದಿದವಳಿಗೆ ಒಂದು ಬಾಲ ತಪ್ಪಿದರೆ ಏನು ಮಹಾ ಎಂದು ಗಂಡ ಸಮಾಧಾನ ಹೇಳಿದ. ಮೂವತ್ತೈದು ವರ್ಷ ಬಸ್ಸು ಓಡಿಸಿ ಕೊನೆಯ ನಿಲ್ದಾಣದಲ್ಲಿ ಗೋಡೆಗೆ ಗುದ್ದಿದ್ದರೆ ನಿಮಗೆ ಹೇಗಾಗುತ್ತಿತ್ತು ಎಂದು ಅವಳು ಕೇಳಿದಳು.

ಪ್ರಕಾಶನದವರಿಗೆ ಫೋನು ಮಾಡಿದಳು. ಹಳೆಯ ಪ್ರಕಾಶಕರು ಇರಲಿಲ್ಲ, ಈಗ ಮಗಳು ನೋಡಿಕೊಳ್ಳುತ್ತಿದ್ದಳು. ಮೂರನೇ ಮುದ್ರಣ ಬಂದಾಗ ನೋಡೋಣ ಆಂಟಿ ಎಂದಳು ಆಕೆ, ಒಳ್ಳೆಯ ದನಿಯಲ್ಲಿಯೇ. ಪ್ರತಿಗಳು ಈಗ ಎಲ್ಲೆಲ್ಲಿ ಸಿಗುತ್ತವೆ ಎಂದು ಕೇಳಿದ್ದಕ್ಕೆ, ದೊಡ್ಡ ಅಂಗಡಿಗಳು ಇಂಥ ಹಳೆಯ ಪುಸ್ತಕ ಇಟ್ಟುಕೊಳ್ಳುವುದಿಲ್ಲ, ಸ್ವಂತ ಆಸಕ್ತಿಯಿಂದ ನಡೆಸುವ ಸಣ್ಣ ಅಂಗಡಿಗಳಲ್ಲಿ ಇರಬಹುದು ಎಂದು ಐದು ವಿಳಾಸ ಬರೆಸಿದಳು. ಬರೆದವರನ್ನು ಕೇಳುವ ಯೋಚನೆ ಕೊಂಬಿನಕ್ಕನಿಗೆ ಬರಲೇ ಇಲ್ಲ. ಅವರು ತೀರಿಕೊಂಡು ನಾಲ್ಕೈದು ವರ್ಷವಾಯಿತೆಂದು ಅಚ್ಚಿನ ಮನೆಯಲ್ಲಿ ಯಾರೋ ಹೇಳಿದ್ದನ್ನು ಅವಳು ಕೇಳಿದ್ದಳು. ಸತ್ತವರ ಸಾಲನ್ನು ಕೆಡಿಸಿದ್ದೇನೆ ಎನ್ನುವುದೇ ಅವಳನ್ನು ಹೆಚ್ಚು ತಿನ್ನುತ್ತಿದ್ದದ್ದು.

ಐದೂ ಅಂಗಡಿಗೆ ಹೋಗಿ, ಇದ್ದ ಪ್ರತಿಗಳಿಗೆಲ್ಲ ಕೈಯಾರೆ ಒಂದೊಂದು ಬಾಲ ಎಳೆದು ಬರುತ್ತೇನೆ ಎಂದು ಅವಳು ಹೇಳಿದಾಗ ಗಂಡ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ದಾರಿ ಬರೆಯತೊಡಗಿದ. ಬರೆದದ್ದೆಲ್ಲ ಬಸ್ಸಿನ ದಾರಿ. ಹದಿನಾಲ್ಕನೇ ನಂಬರಿನಂತೆ ಹೋಗಿ ಆಸ್ಪತ್ರೆಯ ಹತ್ತಿರ ಆರನೇ ನಂಬರು ಹಿಡಿ, ಸೇತುವೆ ಇಳಿಯುವಾಗ ಎರಡೂ ಬ್ರೇಕು ಒತ್ತು, ಬಸ್ಸಿನ ಎಡಗಡೆಯಿಂದ ಮಾತ್ರ ನುಗ್ಗಬೇಡ.

ಮಂಗಳವಾರ ಬೆಳಿಗ್ಗೆ ಹೊರಟಳು. ಸೈಕಲ್ಲಿನ ಬುಟ್ಟಿಯಲ್ಲಿ ಒಂದು ಚೀಲ, ಅದರಲ್ಲಿ ಕಪ್ಪು ಶಾಯಿಯ ಸಣ್ಣ ಮೊನೆಯ ಪೆನ್ನು, ಭೂತಗನ್ನಡಿ, ನೀರಿನ ಬಾಟಲಿ.

ಮೊದಲ ಅಂಗಡಿ ಬ್ಯಾಂಕಿನ ಕಟ್ಟಡದ ಮೆಟ್ಟಿಲ ಕೆಳಗೆ. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು. ಹೊರಗೆ ಬರುವಾಗ ಬಗ್ಗಿಸಲು ಮರೆತವರ ತಲೆಗೆಂದು ತೊಲೆಗೆ ಸ್ಪಂಜು ಕಟ್ಟಿದ್ದರು. ಅಂಗಡಿಯವರು ಮೊದಲು ಗಣಿತದ ಮೇಷ್ಟ್ರಾಗಿದ್ದವರು. ಇವಳ ಕಥೆಯನ್ನೆಲ್ಲ ಕೇಳಿ, ತಪ್ಪು ಅಂದಮೇಲೆ ತಿದ್ದಲೇಬೇಕು ಎಂದು ಮೂರು ಪ್ರತಿ ತೆಗೆದುಕೊಟ್ಟರು. ಕೊಂಬಿನಕ್ಕ ಮೇಜಿನ ಮೇಲೆ ಬಗ್ಗಿ, ಉಸಿರು ಹಿಡಿದು, ಮೂರಕ್ಕೂ ಬಾಲ ಎಳೆದಳು. ಅಚ್ಚಿನದೇ ಎನ್ನುವಂತೆ ಕೂತಿತು. ಹೊರಗೆ ಬಂದು ಸೈಕಲ್ಲು ಹತ್ತುವಾಗ ಮೊಣಕಾಲು ನೋವು ಕೂಡ ಮರೆತಿತ್ತು.

ಎರಡನೇ ಅಂಗಡಿ ಸಿಗಲೇ ಇಲ್ಲ. ಗಂಡ ಬರೆದಂತೆ ಆರನೇ ನಂಬರಿನ ದಾರಿಯಲ್ಲಿ ಹೋದರೆ ಮುಂದೆ ಏಕಮುಖ ರಸ್ತೆ, ಬಸ್ಸಿಗೆ ಬಿಡುತ್ತಾರೆ, ಸೈಕಲ್ಲಿಗೆ ಬಿಡುವುದಿಲ್ಲ. ಸುತ್ತಿ ಹೋದಳು. ಸುತ್ತಿದ್ದು ಒಂದು ಔಷಧದ ಗೋದಾಮಿನ ಮುಂದಕ್ಕೆ ಬಂತು. ಮತ್ತೆ ಸುತ್ತಿದಳು, ಮತ್ತೆ ಗೋದಾಮು. ಮೂರನೇ ಸಲ ಗೋದಾಮಿನ ಕಾವಲುಗಾರ ಎದ್ದು ನಿಂತು, ಅಮ್ಮಾ ಯಾರನ್ನಾದರೂ ಹುಡುಕ್ತಿದ್ದೀರಾ ಎಂದು ಕೇಳಿದ. ಇಬ್ಬರು ಅಕ್ಕತಂಗಿಯರು ನಡೆಸುವ ಪುಸ್ತಕದಂಗಡಿ ಎಂದಳು. ಅವರು ಬೇರೆ ಕಡೆ ಹೋದರು, ಅಕ್ಕ ಒಂದು ಕಡೆ ತಂಗಿ ಒಂದು ಕಡೆ ಎಂದು ಅವನು ಹೇಳಿದ. ಎಲ್ಲಿ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಆ ವಿಳಾಸಕ್ಕೆ ಅವಳು ಗೀಟು ಹಾಕಿದಳು.

ಮೂರನೆಯದು ರೈಲಿನ ಡಬ್ಬಿಯಂತೆ ಉದ್ದಕ್ಕೂ ಇಕ್ಕಟ್ಟಾದ ಅಂಗಡಿ. ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ ಮಾಲೀಕ ಇವಳ ಮಾತು ಅರ್ಧದಲ್ಲೇ ತಡೆದ. ನಾಳೆ ಇನ್ನೊಬ್ಬರು ಬಂದು ನಾಯಕನ ಹೆಸರು ಸರಿಯಿಲ್ಲ ಅಂದರೆ ಅದನ್ನೂ ತಿದ್ದಲು ಬಿಡಬೇಕಾ ಎಂದು ಕೇಳಿದ. ನಾನೇ ಇದರ ಕರಡು ತಿದ್ದಿದವಳು ಎಂದರೆ, ಆಗ ತಿದ್ದಿದ್ದು ಸಾಲಲಿಲ್ಲವಾ ಎಂದ. ಆ ಮಾತು ನೆಟ್ಟಗೆ ಬಂದು ನಾಟಿತು. ಅಲ್ಲೇ ನೆಲದ ಮೇಲೆ ಕೂತು ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತಲೆಯೆತ್ತಿದಳು.

"ಆಂಟಿ, ನೀವು ಹೇಳೋದು ನಿಜವಾದರೆ ನನಗೆ ಬೇಜಾರಾಗುತ್ತೆ" ಎಂದಳು. "ನಮ್ಮ ಅಮ್ಮ ತೀರಿಕೊಂಡ ಮೇಲೆ ಆ ಸಾಲು ಓದಿಯೇ ನಾನು ಎದ್ದು ಕಿಟಕಿ ತೆಗೆದಿದ್ದು."

ಕೊಂಬಿನಕ್ಕ ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಸೈಕಲ್ಲಿನ ಬೀಗ ತೆಗೆಯುತ್ತ, ತಪ್ಪು ತಪ್ಪೇ, ಅದರಿಂದ ಒಳ್ಳೆಯದಾದರೂ ತಪ್ಪೇ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡರೂ ಅಂದು ಮುಂದಿನ ಅಂಗಡಿಗೆ ಹೋಗುವ ಮನಸ್ಸಾಗಲಿಲ್ಲ. ಸೇತುವೆಯನ್ನು ತಳ್ಳಿಕೊಂಡೇ ದಾಟಿ ಮನೆಗೆ ಬಂದಳು. ಗಂಡ ಕೇಳಿದ್ದಕ್ಕೆ, ನಿಮ್ಮ ಆರನೇ ನಂಬರು ದಾರಿ ತಪ್ಪಿಸಿತು ಎಂದಷ್ಟೇ ಹೇಳಿದಳು.

ಎರಡು ದಿನ ಬಿಟ್ಟು ಮತ್ತೆ ಹೊರಟಳು. ನಾಲ್ಕನೇ ಅಂಗಡಿಯಲ್ಲಿ ಪುಸ್ತಕ ಖಾಲಿಯಾಗಿತ್ತು. ಐದನೆಯದು ಹಳೆಯ ಪುಸ್ತಕದಂಗಡಿ. ಹಿಂದೆ ಬಡಗಿಗಳ ಕಾರ್ಖಾನೆಯಾಗಿದ್ದ ಉದ್ದನೆಯ ಕೋಣೆ, ಗೋಡೆಯಲ್ಲಿ ಇನ್ನೂ ಗರಗಸ ನೇತುಹಾಕುವ ಮೊಳೆಗಳಿದ್ದವು. ಅಂಗಡಿಯವನು ಐವತ್ತರ ಆಸುಪಾಸಿನ ದಪ್ಪನೆಯ ಆಸಾಮಿ. ಏಣಿಯ ಮೇಲಿಂದಲೇ ಮಾತಾಡಿದ. ಎರಡನೇ ಮುದ್ರಣ ಇಲ್ಲ, ಮೊದಲನೆಯದು ಒಂದಿದೆ ಎಂದು ಕೆಳಗೆ ಕೊಟ್ಟ.

ಕೊಂಬಿನಕ್ಕ ನಿಂತಲ್ಲೇ ಕೊನೆಯ ಪುಟ ತೆಗೆದಳು. ತೆರೆದಳು ಎಂದಿತ್ತು. ಆದರೆ ಏನೋ ಸರಿಯಿಲ್ಲ. ಭೂತಗನ್ನಡಿ ತೆಗೆದು ನೋಡಿದಳು. 'ತೆ'ಯ ಬಲಗಡೆ ಕಾಗದ ತೆಳುವಾಗಿತ್ತು. ಬೆಳಕಿಗೆ ಹಿಡಿದಳು. ಅಲ್ಲೊಂದು ಬಾಲ ಅಚ್ಚಾಗಿತ್ತು. ಯಾರೋ ಅದನ್ನು ಬ್ಲೇಡಿನಿಂದ ನವಿರಾಗಿ ಕೆರೆದು ತೆಗೆದಿದ್ದರು.

ಅಂದರೆ ಅವಳ ಕೈಯಿಂದ ಹೋದ ಪುಟದಲ್ಲಿ ತೊರೆದಳು ಎಂದೇ ಇತ್ತು. ಅವಳ ಕಣ್ಣು ತಪ್ಪಿರಲಿಲ್ಲ. ಒಂದು ಗಳಿಗೆ ಅವಳಿಗೆ ಹೂವಿನಷ್ಟು ಹಗುರವೆನಿಸಿತು. ಮರುಗಳಿಗೆಯೇ, ಹಾಗಾದರೆ ಕೆರೆದದ್ದು ಯಾರು, ಎರಡನೇ ಮುದ್ರಣದಲ್ಲಿ ಬದಲಾಯಿಸಿದ್ದು ಯಾರು, ತಾನು ಮೂರು ಪ್ರತಿಗಳಿಗೆ ಮಾಡಿ ಬಂದದ್ದು ಏನು ಎಂದು ತಲೆ ಗಿರ್ರೆಂದಿತು. ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

"ಅದನ್ನ ಕೆರೆದಿದ್ದಾ? ಅವರೇ, ಬರೆದೋರು" ಎಂದ ಅಂಗಡಿಯವನು, ಇವಳಿಂದಾಗಿ ಇಳಿಯಲಾಗದೆ ಮೇಲೆಯೇ ನಿಂತು. "ತಿಂಗಳಿಗೊಂದು ಸಲ ಬರ್ತಾರೆ. ಮೊದಲನೇ ಮುದ್ರಣ ಬಂದಿದೆಯಾ ಅಂತ ಕೇಳ್ತಾರೆ. ಬಂದಿದ್ದರೆ ಕೂತು ಕೆರೆದು, ವಾಪಸು ಕೊಟ್ಟು ಹೋಗ್ತಾರೆ."

"ಅವರು ತೀರಿಕೊಂಡರಲ್ಲ?"

"ಹೋದ ವಾರ ಇಲ್ಲೇ ಚಹಾ ಕುಡಿದು ಹೋದ್ರು."

ಅಂಗಡಿಯವನು ಹೇಳಿದಂತೆ ಬರೆದವರ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಅವರು ಕೆಲಸ ಮಾಡುತ್ತಿದ್ದ ಔಷಧದಂಗಡಿಯ ಮೇಲಿನ ಮಹಡಿ. ಕೊಂಬಿನಕ್ಕ ಎರಡು ಸಲ ಅಂಗಡಿಯ ಮುಂದಿನಿಂದ ಹಾದುಹೋದಳು. ಮೂರನೇ ಸಲ ಇಳಿದಳು. ಮೆಟ್ಟಿಲು ಹತ್ತಿ ಗಂಟೆ ಒತ್ತಿದಾಗ ಬಾಗಿಲು ತೆಗೆದದ್ದು ಎಪ್ಪತ್ತೈದು ದಾಟಿದ, ಸಣಕಲು ಮೈಯ, ನೆಟ್ಟಗೆ ನಿಲ್ಲುವ ಹೆಂಗಸು. ಹಿಂದೆ ಕಿಟಕಿಗಳೆಲ್ಲ ತೆಗೆದಿದ್ದ ಕೋಣೆ, ಮೇಜು, ಎರಡು ಕುರ್ಚಿ. ತಾನು ಯಾರೆಂದು ಕೊಂಬಿನಕ್ಕ ಹೇಳಿಕೊಂಡಳು. ಅವರು ಇವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೀವೇನಾ ಅದು" ಎಂದರು. "ಒಳಗೆ ಬನ್ನಿ. ಇಪ್ಪತ್ತೆಂಟು ವರ್ಷದಿಂದ ನಿಮ್ಮನ್ನ ಬೈಕೊಂಡು ಬಂದಿದ್ದೀನಿ. ಮುಖ ನೋಡಿ ಬೈಯೋದು ಇವತ್ತೇ."

ಆದರೆ ಬೈಯಲಿಲ್ಲ. ಚಹಾ ಮಾಡಿದರು. ಚಹಾ ಮಾಡುತ್ತಲೇ ಹೇಳಿದರು. ಅವರು ಬರೆದದ್ದು ತೆರೆದಳು ಎಂದೇ ಅಂತೆ. ಪುಸ್ತಕ ಕೈಗೆ ಬಂದ ದಿನ ಕೊನೆಯ ಪುಟವನ್ನೇ ಮೊದಲು ತೆಗೆದು ನೋಡಿದರಂತೆ, ತೊರೆದಳು ಎಂದಿತ್ತು. ಅಚ್ಚಿನ ಮನೆಗೆ ಹೋಗಿ ಜಗಳವಾಡಬೇಕೆಂದು ಚಪ್ಪಲಿ ಮೆಟ್ಟಿ ನಿಂತಾಗಲೇ ಪತ್ರಿಕೆ ಬಂತು. ಅದರಲ್ಲಿ ವಿಮರ್ಶೆ. ಎಂಥ ಧೈರ್ಯದ ಕೊನೆ ಎಂದು ಹೊಗಳಿದ್ದರು. ಆಮೇಲೆ ಕಾಗದಗಳು ಬರತೊಡಗಿದವು. ಒಬ್ಬ ಹೆಂಗಸಂತೂ ಔಷಧದಂಗಡಿಗೇ ಬಂದು, ಗಿರಾಕಿಗಳ ನಡುವೆ ನಿಂತು, ನಿಮ್ಮ ಪುಸ್ತಕ ಓದಿ ನಾನೂ ಆ ಮನೆ ಬಿಟ್ಟು ಬಂದೆ, ಈಗ ಚೆನ್ನಾಗಿದ್ದೀನಿ ಎಂದು ಕೈ ಹಿಡಿದುಕೊಂಡಳಂತೆ.

"ಅವಳಿಗೆ ಅದು ಅಚ್ಚಿನ ತಪ್ಪು ಕಣಮ್ಮ ಅಂತ ಹೇಳೋಕಾಗುತ್ತಾ? ಸುಮ್ಮನಾದೆ. ಹನ್ನೆರಡು ವರ್ಷ ಸುಮ್ಮನಿದ್ದೆ. ಜನ ಮೆಚ್ಚಿದ್ದು ನನ್ನ ಸಾಲಲ್ಲ, ನಿಮ್ಮ ಸಾಲು."

ಎರಡನೇ ಮುದ್ರಣಕ್ಕೆ ತಾವೇ ಹೇಳಿ ಬದಲಾಯಿಸಿದರು. ಹಳೆಯವು ಕಣ್ಣಿಗೆ ಬಿದ್ದಾಗ ಕೆರೆದರು. ಅಷ್ಟೇ ಕಥೆ.

ಕೊಂಬಿನಕ್ಕ ಲೋಟ ಕೆಳಗಿಟ್ಟಳು. "ಮೇಡಂ, ನಾನು ಕರಡು ತಿದ್ದೋಳು. ಕಥೆ ತಿದ್ದೋಳಲ್ಲ. ನಿಮ್ಮ ಕೈಬರಹದಲ್ಲೇ ಬಾಲ ಇತ್ತು. ನನ್ನ ಕಣ್ಣಾರೆ ನೋಡಿದ್ದೀನಿ."

"ಇರಲಿಲ್ಲ."

"ಇತ್ತು."

ಅವರು ಎದ್ದು ಮಂಚದ ಕೆಳಗಿನಿಂದ ಕೆಮ್ಮಿನ ಔಷಧದ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದರು. ಒಳಗೆ ಹಸ್ತಪ್ರತಿ. ಸುತ್ತಿದ್ದ ರಬ್ಬರು ಮುಟ್ಟಿದೊಡನೆ ಪುಡಿಯಾಯಿತು. ಪ್ರಕಾಶಕರು ವಾಪಸು ಕೊಟ್ಟ ಮೇಲೆ ಒಂದು ದಿನವೂ ಬಿಚ್ಚಿರಲಿಲ್ಲವಂತೆ. ಬಿಚ್ಚಿ ನೋಡುವುದೇನು, ತಾನು ಬರೆದದ್ದು ತನಗೆ ಗೊತ್ತಿಲ್ಲವೇ ಎಂದು. ಕಡೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಇಬ್ಬರೂ ಬಗ್ಗಿದರು.

ನೀಲಿ ಶಾಯಿ, ಒತ್ತೊತ್ತಾದ ಸಾಲುಗಳು. ಕೊನೆಯ ಎರಡು ಸಾಲು ಹೀಗಿದ್ದವು. ಮೇಲಿನದರಲ್ಲಿ, ಅವಳು ಕುರ್ಚಿಯಲ್ಲೇ ಕುಳಿತು ರಾತ್ರಿ ಕಳೆದಳು. ಕೆಳಗಿನದರಲ್ಲಿ, ಮರುದಿನ ಬೆಳಿಗ್ಗೆ ಅವಳು ಆ ಮನೆಯನ್ನು, ಆಮೇಲೆ ಆ ಪದ. 'ತೆ'ಯ ಪಕ್ಕದಲ್ಲಿ ನೀಲಿ ಗೆರೆಯೊಂದು ಬಾಗಿತ್ತು.

"ಇದೆ ನೋಡಿ" ಎಂದಳು ಕೊಂಬಿನಕ್ಕ.

ಬರೆದವರು ಬೆರಳಿಟ್ಟು ಆ ಗೆರೆ ಮುಟ್ಟಿದರು. ಮುಖದ ಬಣ್ಣ ಇಳಿದಿತ್ತು. ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಅವರ ಆ ಮುಖ ನೋಡಿ ಕೊಂಬಿನಕ್ಕನಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಕನಿಕರಕ್ಕೋ ಅಭ್ಯಾಸಬಲಕ್ಕೋ, ಭೂತಗನ್ನಡಿ ತೆಗೆದು ತಾನೇ ಇನ್ನೊಂದು ಸಲ ನೋಡಿದಳು. ಆಗ ಕಂಡದ್ದು, ಆ ಗೆರೆ ಬಂದದ್ದು ಮೇಲಿನಿಂದ. ಮೇಲಿನ ಸಾಲಿನ 'ರಾತ್ರಿ'ಯ ಒತ್ತು ಉದ್ದಕ್ಕೆ ಇಳಿದು, ಕೆಳಗಿನ 'ತೆ'ಯ ಬಗಲಿಗೆ ಬಂದು ನಿಂತಿತ್ತು. ಅದು ರಾತ್ರಿಯ ಒತ್ತೇ ಇರಬಹುದು. ಅಥವಾ ಒತ್ತು ಅರ್ಧಕ್ಕೆ ನಿಂತು, ಅಲ್ಲಿಂದ ಕೆಳಗೆ ಬಾಲ ಶುರುವಾಗಿರಲೂಬಹುದು. ಎರಡೂ ಕೂಡಿದ ಜಾಗದಲ್ಲಿ ಶಾಯಿ ಕೊಂಚ ಹರಡಿತ್ತು.

ಅವರ ಬೇರೆ ಒತ್ತುಗಳು ಹೇಗಿವೆ, ಬೇರೆ ಬಾಲಗಳು ಹೇಗಿವೆ ಎಂದು ಹಾಳೆ ಹಾಳೆ ತಿರುಗಿಸಿ ನೋಡಿದರು. ಒಂದು ಹಾಳೆಯ ಒತ್ತು ಗಿಡ್ಡ, ಇನ್ನೊಂದರದು ನೆಲ ಗುಡಿಸುವಷ್ಟು ಉದ್ದ. ಕೆಲವು ಕಡೆ ಬಾಲ ಎಳೆಯುವುದನ್ನೇ ಮರೆತಿದ್ದರು. ಗಿರಾಕಿಗಳ ನಡುವೆ, ಔಷಧದ ಚೀಟಿಗಳ ಪಕ್ಕದಲ್ಲಿ ಬರೆದದ್ದು ಅದು. ಮಧ್ಯಾಹ್ನ ಕಳೆದು ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು. ಮೂವತ್ತೊಂದು ವರ್ಷ ಅಕ್ಷರ ನೋಡಿದ ಕಣ್ಣಿಗೆ ಆ ಒಂದು ಅಕ್ಷರ ಏನೆಂದು ಹೇಳಲಾಗಲಿಲ್ಲ.

ತಾನು ಅಂದು ತೊರೆದಳು ಎಂದು ಓದಿದ್ದು ಅಲ್ಲಿ ಹಾಗೆ ಇದ್ದುದಕ್ಕೋ, ಹಾಗೆ ಇರಲಿ ಎಂದು ತನ್ನ ಮನಸ್ಸು ಬಯಸಿದ್ದಕ್ಕೋ? ಅನುಮಾನ ಬಂದಿದ್ದರೆ ಬರೆದವರನ್ನು ಕೇಳಿಯೇ ಕೇಳುತ್ತಿದ್ದಳು. ಅನುಮಾನವೇ ಬಂದಿರಲಿಲ್ಲ. ಅದೇ ಈಗ ಅವಳಿಗೆ ಅರ್ಥವಾಗದೆ ಉಳಿದದ್ದು.

"ನೀವು ಏನು ಬರೆಯೋಕೆ ಕೂತಿದ್ರಿ ಅಂತ ನೆನಪಿದೆಯಾ ಮೇಡಂ?" ಎಂದು ಕೇಳಿದಳು.

"ಇವತ್ತು ಬೆಳಿಗ್ಗೆವರೆಗೂ ಇತ್ತು" ಎಂದರು ಅವರು. ಮಂಚದ ಕಡೆ ನೋಡಿ, "ಆ ವರ್ಷ ಹೊರಟುಹೋಗೋಣ ಅಂತ ನನ್ನದೇ ಒಂದು ಪೆಟ್ಟಿಗೆ ತುಂಬಿ, ಇದೇ ಮಂಚದ ಕೆಳಗೆ ಇಟ್ಟಿದ್ದೆ. ಆರು ತಿಂಗಳು ಇಟ್ಟಿದ್ದೆ. ಆಮೇಲೆ ಬಟ್ಟೆ ತೆಗೆದು ಬೀರುವಿನಲ್ಲಿ ಇಟ್ಟೆ. ಪುಸ್ತಕ ಮುಗಿದಿದ್ದು ಅದಕ್ಕೆ ಮುಂಚೆಯೋ ಆಮೇಲೋ, ಈಗ ಹೇಳು ಅಂದ್ರೆ ನನಗೆ ಗೊತ್ತಿಲ್ಲ."

ಇಬ್ಬರೂ ಸೇರಿ ಹಾಳೆಗಳನ್ನು ಜೋಡಿಸಿ, ರಬ್ಬರಿಲ್ಲದ್ದರಿಂದ ಗಾಯಕ್ಕೆ ಸುತ್ತಲೆಂದು ಔಷಧದಂಗಡಿಯಲ್ಲಿ ಮಾರುವ ಬಟ್ಟೆಯಲ್ಲಿ ಕಟ್ಟಿಟ್ಟರು.

ಮರುದಿನ ಅವಳು ಬ್ಲೇಡು ತೆಗೆದುಕೊಂಡು ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದಳು. ತಾನು ಎಳೆದ ಬಾಲಗಳನ್ನಾದರೂ ತೆಗೆದುಬಿಡೋಣವೆಂದು. ಮೂರರಲ್ಲಿ ಎರಡೇ ಉಳಿದಿದ್ದವು. ಒಂದನ್ನು ಯಾರೋ ಕೊಂಡುಹೋಗಿದ್ದರು, ಯಾರೆಂದು ಮೇಷ್ಟ್ರಿಗೆ ನೆನಪಿಲ್ಲ. ಆ ಒಬ್ಬರ ಮನೆಯಲ್ಲಿ ಈಗ ಕಥೆಯ ಸೊಸೆ ಬಿಟ್ಟು ಹೋಗಿದ್ದಾಳೆ, ಎರಡನೇ ಮುದ್ರಣ ಕೊಂಡ ಉಳಿದವರ ಮನೆಯಲ್ಲೆಲ್ಲ ಕಿಟಕಿ ತೆಗೆಯುತ್ತಿದ್ದಾಳೆ. ಕೊಂಬಿನಕ್ಕ ಬ್ಲೇಡನ್ನು ಅಕ್ಷರದ ಹತ್ತಿರ ತಂದಳು, ಹಿಂದಕ್ಕೆ ತೆಗೆದಳು, ಮತ್ತೆ ತಂದಳು. ಮೇಷ್ಟ್ರು ನೋಡುವಷ್ಟು ನೋಡಿದರು.

"ಒಂದು ನಿರ್ಧಾರಕ್ಕೆ ಬನ್ನಿ ಅಮ್ಮಾ, ಹಾಳೆ ಸವೆದು ಹೋಗುತ್ತೆ" ಎಂದರು.

ಅವಳು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆ ಎರಡು ಪ್ರತಿ ಹಾಗೆಯೇ ಕಪಾಟಿಗೆ ಹೋದವು.

ನಾಲ್ಕು ತಿಂಗಳಾದ ಮೇಲೆ ಪ್ರಕಾಶಕರ ಮಗಳಿಂದ ಫೋನು ಬಂತು. ಮೂರನೇ ಮುದ್ರಣ ಬರುತ್ತಿದೆ, ಕರಡನ್ನು ನೀವೇ ನೋಡಬೇಕಂತೆ, ಬರೆದವರು ಹಟ ಹಿಡಿದಿದ್ದಾರೆ ಎಂದು. ಕೊಂಬಿನಕ್ಕ ಒಪ್ಪಿಕೊಂಡಳು. ಮೊದಲ ಪುಟದಿಂದ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದಳು. ಎಲ್ಲೆಲ್ಲಿ ಅನುಮಾನ ಬಂತೋ ಅಲ್ಲೆಲ್ಲ, ಬಾರದ ಕಡೆಯಲ್ಲೂ ಕೆಲವು ಸಲ, ಬರೆದವರಿಗೆ ಫೋನು ಮಾಡಿ ಕೇಳಿದಳು. ಕೊನೆಯ ಪುಟಕ್ಕೆ ಬಂದಾಗ, ಅಲ್ಲಿ ಆ ಸಾಲಿಗೇ ಅಡ್ಡಲಾಗಿ ಬರೆದವರು ನೀಲಿ ಗೆರೆ ಎಳೆದಿದ್ದರು. ಪೂರ್ತಿ ಸಾಲಿಗೆ. ಫೋನು ಮಾಡಿದಳು. "ಅದು ಬೇಡ, ಇರಲಿ ಬಿಡಿ" ಎಂದರು ಅವರು. ಬೇಡವೋ ಇರಲಿಯೋ ಎಂದು ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಳ್ಳಬೇಕಾಯಿತು. ಬೇಡ ಎಂದೇ ಉತ್ತರ ಬಂತು.

ಹಾಗೆ ಪುಸ್ತಕ ಅಚ್ಚಾಯಿತು. ಅವಳು ಕುರ್ಚಿಯಲ್ಲೇ ಕುಳಿತು ರಾತ್ರಿ ಕಳೆದಳು ಎನ್ನುವಲ್ಲಿಗೆ ಕಥೆ ಮುಗಿಯಿತು. ಅಂಗಡಿಗಳಿಗೆ ಓದುಗರು ವಾಪಸು ಬರತೊಡಗಿದರು, ಒಂದು ಹಾಳೆ ಬಿಟ್ಟುಹೋಗಿದೆ, ಬದಲಾಯಿಸಿಕೊಡಿ ಎಂದು. ಇಕ್ಕಟ್ಟಿನ ಅಂಗಡಿಯ ಮಾಲೀಕ ಪ್ರಕಾಶನದವರನ್ನು ಕೇಳಿದ, ಅವರು ಕೊಂಬಿನಕ್ಕನ ನಂಬರು ಕೊಟ್ಟರು. ಆತ ಫೋನಿನಲ್ಲಿ, ಈ ಸಲವೂ ನೀವೇ ತಿದ್ದಿದ್ದಾ ಎಂದಷ್ಟೇ ಕೇಳಿದ. ಹೌದು ಎಂದಳು. ತಂಗಿಯ ಮಗಳು ಎರಡು ವಾರ ಇತ್ತ ತಲೆ ಹಾಕಲಿಲ್ಲ. ಔಷಧದಂಗಡಿಯ ಮೇಲಿನ ಮನೆಗೆ ಮಾತ್ರ ಕೊಂಬಿನಕ್ಕ ಈಗ ಪ್ರತಿ ಗುರುವಾರ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಆ ಸಾಲಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಮೊಣಕಾಲಿನ ಮುಲಾಮು, ಕಣ್ಣಿನ ಪೊರೆ, ಇಂಥವೇ ಮಾತು.

ಗಂಡನಿಗೂ ಒಂದು ಪ್ರತಿ ಬೇಕೆನಿಸಿತು. ಜೀವಮಾನದಲ್ಲಿ ವೇಳಾಪಟ್ಟಿ ಬಿಟ್ಟು ಬೇರೇನನ್ನೂ ಪೂರ್ತಿ ಓದದವನು, ದಿನಕ್ಕೆ ನಾಲ್ಕು ಪುಟದಂತೆ ತಿಂಗಳು ದಾಟಿ ಓದಿ ಮುಗಿಸಿದ. 

"ಅಲ್ಲ ಕಣೇ" ಎಂದ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಕೊನೆಗೆ ಇವಳು ಹೋದಳಾ, ಅಲ್ಲೇ ಇದ್ದಳಾ?"

"ನನಗೆ ಗೊತ್ತಿಲ್ಲ ರೀ."

"ಅಷ್ಟು ಊರು ಸುತ್ತಿದೆಯಲ್ಲ."

"ಸುತ್ತಿದೆ" ಎಂದಳು ಅವಳು.

ಆತ ಎಲ್ಲಾದರೂ ತನ್ನ ಗಮನ ತಪ್ಪಿರಬೇಕೆಂದು ಕುರ್ಚಿಗೆ ಹಿಂತಿರುಗಿ, ಕನ್ನಡಕ ಸರಿಮಾಡಿಕೊಂಡು, ಅತ್ತೆ ಸಾಯುವ ಪುಟದಿಂದ ಮತ್ತೆ ಓದತೊಡಗಿದ. ಕೊಂಬಿನಕ್ಕ ಒಲೆಯ ಉರಿ ಸಣ್ಣ ಮಾಡಿದಳು. ಆತ ಮುಗಿಸುವವರೆಗೆ ಊಟಕ್ಕೆ ಕರೆಯಲಿಲ್ಲ.